ತಕಾಯಾಮಾ: ಊಟ, ಸ್ನಾನ ಎರಡನ್ನೂ ಮೊದಲೇ ಮಾತಾಡಿಕೊಳ್ಳಿ

ಪ್ರಶ್ನೆ: ಮಕ್ಕಳ ಬೇಸಿಗೆ ರಜೆಯಲ್ಲಿ ಜಪಾನಿನ ತಕಾಯಾಮಾ ಕಡೆ ಹೋಗಬೇಕೆಂದಿದ್ದೇವೆ. ಬಿಸಿನೀರಿನ ಬುಗ್ಗೆಯಿರುವ ಹಳೇ ಶೈಲಿಯ ವಸತಿಯಲ್ಲಿ ಒಂದು ರಾತ್ರಿ ಉಳಿಯುವ ಆಸೆ. ಜತೆಗೆ ಬರುವ ಅಮ್ಮ ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವವರಲ್ಲ. ಎಲ್ಲರೆದುರು ಸ್ನಾನವೆಂದರೆ ಅವರಿಗೆ ಸಂಕೋಚ. ಏನು ಮಾಡಬಹುದು?
– ಓದುಗರು, ಕುಂಜಿಬೆಟ್ಟು, ಉಡುಪಿ

ಉತ್ತರ: ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ. ಆದರೆ ಊಟದ ವಿಷಯ ಕೋಣೆ ಕಾಯ್ದಿರಿಸುವಾಗಲೇ ಇತ್ಯರ್ಥವಾಗಬೇಕು. ನೀವು ಹೇಳಿದ ಹಳೇ ಶೈಲಿಯ ವಸತಿಗಳಾದ ರ್‍ಯೋಕನ್‌ಗಳಲ್ಲಿ ಸಾಮಾನ್ಯವಾಗಿ ದರ ಕೋಣೆಗಲ್ಲ, ತಲೆಗೆ ಇಷ್ಟೆಂದು; ರಾತ್ರಿಯೂಟ, ಬೆಳಗಿನ ತಿಂಡಿ ಅದರಲ್ಲೇ ಸೇರಿರುತ್ತದೆ. ಅಡುಗೆ ಮೊದಲೇ ನಿಗದಿಯಾಗುವುದರಿಂದ ಹೋದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ತೊಡಕಿರುವುದು ಕಣ್ಣಿಗೆ ಕಾಣುವ ಮೀನಿನಲ್ಲಲ್ಲ, ದಾಶಿಯಲ್ಲಿ. ಒಣಗಿಸಿದ ಬೊನಿಟೊ ಮೀನಿನ ಚಕ್ಕೆಯಿಂದ ತೆಗೆಯುವ ಈ ತಿಳಿಸಾರು ಮಿಸೊ ಸೂಪಿನಲ್ಲೂ ಇರುತ್ತದೆ, ಬೇಯಿಸಿದ ತರಕಾರಿಯಲ್ಲೂ ಇರುತ್ತದೆ. ಬರೀ ‘ಸಸ್ಯಾಹಾರಿ’ ಎಂದು ಬರೆದರೆ ತಟ್ಟೆಯಿಂದ ಮೀನು ಹೋದೀತು, ಸಾರು ಉಳಿದೀತು. ‘ಮಾಂಸ, ಮೀನು, ಮೀನಿನ ದಾಶಿ, ಈರುಳ್ಳಿ, ಬೆಳ್ಳುಳ್ಳಿ ಬೇಡ, ಕೊಂಬು ಕಡಲಕಳೆಯ ದಾಶಿ ಆಗಬಹುದು’ ಎಂದು ಬಿಡಿಸಿ ಬರೆಯಿರಿ. ಅಮ್ಮ ಅಣಬೆ ತಿನ್ನದಿದ್ದರೆ ಅದನ್ನೂ ಸೇರಿಸಿ, ಏಕೆಂದರೆ ಮೀನು ಬಿಟ್ಟರೆ ಅಲ್ಲಿನ ಅಡುಗೆಯವರ ಕೈ ಹೋಗುವುದು ಶಿಟಾಕೆ ಅಣಬೆಗೆ. ಬೌದ್ಧ ಮಠಗಳ ಶೋಜಿನ್ ರ್‍ಯೋರಿ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿಯೂ ವರ್ಜ್ಯ. ಮುಂಗಡ ಹೇಳಿದರೆ ತಕಾಯಾಮಾದಲ್ಲಿ ಅದೂ ಸಿಗುತ್ತದೆ.

ಬುಗ್ಗೆಗಳಿಗೆ ಹಿರಾಯುವಿಗೆ ಹೋಗಿ. ತಕಾಯಾಮಾದಿಂದ ಬಸ್ಸಿನಲ್ಲಿ ಸುಮಾರು 1 ಗಂಟೆ. ಪುತ್ತೂರು ಕಡೆಯ ಬೆಂದ್ರ್ ತೀರ್ಥಕ್ಕಿಳಿದ ಹಾಗೆ ಬಟ್ಟೆ ಉಟ್ಟು ಇಳಿಯುವಂತಿಲ್ಲ. ಸಂಕೋಚವಿದ್ದರೆ ‘ಕಾಶಿಕಿರಿ’, ಅಂದರೆ ನಿಮ್ಮ ಮನೆಯವರಿಗಷ್ಟೇ ಬಿಟ್ಟುಕೊಡುವ ಸ್ನಾನದ ತೊಟ್ಟಿ ಇರುವ ವಸತಿಯನ್ನೇ ಆರಿಸಿ. ಮೊದಲು ಹೊರಗೆ ಮಣೆಯ ಮೇಲೆ ಕುಳಿತು ಸೋಪು ಹಚ್ಚಿ ಮೈ ತೊಳೆದು, ನೊರೆ ಪೂರ್ತಿ ಹೋದ ಮೇಲಷ್ಟೇ ತೊಟ್ಟಿಗಿಳಿಯಬೇಕು. ಕೂದಲು ಮೇಲೆ ಕಟ್ಟಿರಲಿ, ಟವೆಲು ನೀರಿಗೆ ತಾಗದಿರಲಿ. ನೀರು ಸಾಧಾರಣವಾಗಿ 40–42 ಡಿಗ್ರಿ ಇರುತ್ತದೆ. ಮೊದಲ ಸಲ 5 ನಿಮಿಷ ಸಾಕು. ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿದಿರುತ್ತದೆ, ಥಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಅಮ್ಮ ಅಂಚು ಹಿಡಿದು ನಿಧಾನವಾಗಿ ಏಳಲಿ. ಬಿಪಿ, ಹೃದಯದ ತೊಂದರೆ ಇದ್ದರೆ ಹೊರಡುವ ಮೊದಲು ವೈದ್ಯರನ್ನು ಕೇಳಿ. ಬೆಳ್ಳಿಯ ಕಾಲುಂಗುರ, ಗೆಜ್ಜೆ ಕಳಚಿಡಿ. ಗಂಧಕದ ನೀರು ತಾಗಿದರೆ ಬೆಳ್ಳಿ ಬೇಗ ಕಪ್ಪಾಗುತ್ತದೆ.

ಸುತ್ತಾಟಕ್ಕೆ ಶಿರಾಕಾವಾಗೊ ಹಳ್ಳಿ ಒಂದೇ ಸಾಕು, ತಕಾಯಾಮಾದಿಂದ ಬಸ್ಸಿನಲ್ಲಿ ಸುಮಾರು 50 ನಿಮಿಷ. ಹಿಮ ಜಾರಿಹೋಗಲೆಂದು ಕಡಿದಾಗಿ ಇಳಿಬಿಟ್ಟ ಹುಲ್ಲಿನ ಮಾಡಿನ ಮನೆಗಳು. 1995ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ವಸತಿಗೆ ಮಾತ್ರ ಸಂಜೆ 5ರೊಳಗೆ ತಲುಪಿ. ತಡವಾದರೆ ಊಟ ತಪ್ಪಬಹುದು. ಏಪ್ರಿಲ್ 29ರಿಂದ ಮೇ 5ರವರೆಗೆ ಅಲ್ಲಿಯವರಿಗೂ ಸಾಲು ರಜೆ, ಕೋಣೆ ಸಿಗುವುದೇ ಕಷ್ಟ. ಮೇ 10ರ ನಂತರ ಹೊರಡಿ.