ಕ್ಲಾಸಿಕ್ 350ರ ಹಿಂದಿನ ಟೈರ್: ಅಗಲ ನೋಡಬೇಡಿ, ಮಳೆ ನೋಡಿ

ನಮಸ್ಕಾರ. ನಿಮ್ಮದು 2022ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕು, ಸ್ಪೋಕ್ ವೀಲ್. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಓಡಾಟ. ಹಿಂದಿನ ಟೈರ್ ಸವೆದಿದೆ, ಅಂಗಡಿಯವರು 140 ಮಿಲಿಮೀಟರ್ ಅಗಲದ್ದು ಹಾಕಿಸಿ ಅಂತಾರೆ, ತಮ್ಮ ಬಟನ್ ಟೈರ್ (ಮೈಮೇಲೆ ದಪ್ಪ ರಬ್ಬರ್ ಗುಬ್ಬಿಗಳಿರೋದು) ಅಂತಾನೆ, ಯಾವುದು ಹಾಕಿಸಲಿ ಅಂತ ಕೇಳಿದ್ದೀರಿ. ನನ್ನ ಮಾತು ಕೇಳೋದಾದ್ರೆ ಎರಡೂ ಬೇಡ. ಕಂಪನಿ ಕೊಟ್ಟ ಅಳತೆಯನ್ನೇ ಹಾಕಿಸಿ: ಹಿಂದೆ 120/80-18, ಮುಂದೆ 100/90-19. ಮೊದಲ ಅಂಕಿ ಅಗಲ ಮಿಲಿಮೀಟರಿನಲ್ಲಿ, ಎರಡನೇದು ಆ ಅಗಲದ ಶೇಕಡಾ ಎಷ್ಟು ಟೈರಿನ ಎತ್ತರ ಅನ್ನೋದು, ಕೊನೇದು ರಿಮ್ಮಿನ ಅಳತೆ ಇಂಚಿನಲ್ಲಿ.

140 ಯಾಕೆ ಬೇಡ ಅಂದ್ರೆ, ರಿಮ್ ಅಗಲ ಆಗಲ್ಲವಲ್ಲ. ಕಿರಿದಾದ ರಿಮ್ಮಿಗೆ ಅಗಲದ ಟೈರ್ ಕೂರಿಸಿದ್ರೆ ಎರಡೂ ಅಂಚು ಒಳಕ್ಕೆ ಎಳೆದುಕೊಂಡು ನಡುಭಾಗ ಉಬ್ಬುತ್ತದೆ. ನೋಡೋಕೆ ದಪ್ಪ, ಆದ್ರೆ ರಸ್ತೆಗೆ ತಾಗೋ ರಬ್ಬರ್ ಹೆಚ್ಚಾಗಲ್ಲ. ಗಾಡಿ ವಾಲಿಸೋಕೆ ಭಾರ ಅನ್ನಿಸುತ್ತೆ, ಚೇನ್ ಪಕ್ಕದ ಜಾಗವೂ ಕಮ್ಮಿಯಾಗುತ್ತೆ. 14 ಹೇರ್‌ಪಿನ್ ತಿರುವಿರೋ ಘಾಟಿಯಲ್ಲಿ ಇದು ಯಾರಿಗೆ ಬೇಕು?

ಬಟನ್ ಟೈರ್ ತೋಟದ ಮಣ್ಣಿಗೆ ಒಳ್ಳೇದು, ನಿಜ. ಆದ್ರೆ ಒದ್ದೆ ಡಾಂಬರಿನ ಮೇಲೆ ಬಟನ್‌ಗಳ ನಡುವಿನ ಖಾಲಿ ಜಾಗ ಹಿಡಿತ ಕೊಡಲ್ಲ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯೋ ಆಗುಂಬೆಯ ದಾರಿ ಅದು. ತಿರುವಿನ ಒಳಅಂಚಲ್ಲಿ ಪಾಚಿ, ಮೇಲೆ ಕೊಳೆತ ಎಲೆ. ನಡುವಿನಿಂದ ಅಂಚಿನವರೆಗೆ ನೀರು ಹೊರಗೆ ತಳ್ಳೋ ಗೆರೆಗಳಿರೋ ರಸ್ತೆ ಟೈರೇ ಬೇಕು. ಎಂಆರ್‌ಎಫ್, ಸಿಯೆಟ್, ಟಿವಿಎಸ್ ಯೂರೋಗ್ರಿಪ್, ಅಪೊಲೊ, ಯಾವುದಾದ್ರೂ ಆಗಲಿ. ಬ್ರ್ಯಾಂಡಿಗಿಂತ ಟೈರ್ ಎಷ್ಟು ಹೊಸದು ಅನ್ನೋದು ನನಗೆ ಮುಖ್ಯ. ಹೆಚ್ಚು ಕಿಲೋಮೀಟರ್ ಬಾಳುತ್ತೆ ಅಂತ ಗಟ್ಟಿ ರಬ್ಬರ್ ಆರಿಸೋರಿದ್ದಾರೆ. ನಿಮ್ಮ ದಾರಿಗೆ ಎರಡು ಸಾವಿರ ಕಿಲೋಮೀಟರ್ ಮೊದಲೇ ಸವೆದ್ರೂ ಪರವಾಗಿಲ್ಲ, ಮಳೆಯಲ್ಲಿ ಕಚ್ಚಿ ಹಿಡಿಯೋ ಮೆತ್ತನೆ ರಬ್ಬರ್ ತಗೊಳ್ಳಿ.

ಅಂಗಡಿಯಲ್ಲಿ ದುಡ್ಡು ಕೊಡೋ ಮೊದಲು ಟೈರಿನ ಪಕ್ಕದ ಮೈಮೇಲಿರೋ ಬರಹ ಓದಿ. ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತೆ. 2325 ಅಂದ್ರೆ 2025ರ 23ನೇ ವಾರ ತಯಾರಾಗಿದ್ದು. ಒಂದು ವರ್ಷಕ್ಕಿಂತ ಹಳೇದಾದ್ರೆ ನಾನು ಬೇರೆ ಕೊಡಿ ಅಂತೀನಿ. ಅಳತೆಯ ಪಕ್ಕ 62ಪಿ ಅಂತ ಇದೆಯಾ ನೋಡಿ: 62 ಅಂದ್ರೆ ಆ ಟೈರ್ 265 ಕಿಲೋ ತಾಳುತ್ತೆ, ಪಿ ಅಂದ್ರೆ ಗಂಟೆಗೆ 150 ಕಿಲೋಮೀಟರ್ ವೇಗದವರೆಗೆ. ಇದಕ್ಕಿಂತ ಕಮ್ಮಿ ಇರೋದು ಬೇಡ, ಮುಖ್ಯವಾಗಿ ಹಿಂದೆ ಹೆಂಡತಿ, ಪಕ್ಕದಲ್ಲಿ ಲಗೇಜು ಇಟ್ಟು ಹೋಗೋರಿಗೆ. ಐಎಸ್‌ಐ ಗುರುತೂ ಇರಲಿ.

ಟ್ಯೂಬ್‌ಲೆಸ್ ಕೇಳಿದ್ರಿ. ನಿಮ್ಮ ಸ್ಪೋಕ್ ರಿಮ್ಮಿನಲ್ಲಿ ನಿಪ್ಪಲ್ (ಸ್ಪೋಕ್ ಕಡ್ಡಿಯನ್ನ ರಿಮ್ಮಿಗೆ ಬಿಗಿಯೋ ನಟ್ಟು) ತೂತುಗಳಿಂದ ಗಾಳಿ ಹೋಗುತ್ತೆ, ಆದ್ರಿಂದ ಟ್ಯೂಬ್ ಇರಲೇಬೇಕು. ಸಿಲಿಕೋನ್ ಹಚ್ಚಿ ಟ್ಯೂಬ್‌ಲೆಸ್ ಮಾಡಿಕೊಡ್ತೀವಿ ಅಂದ್ರೆ ಒಪ್ಪಬೇಡಿ. ಹೊಸ ಟೈರಿಗೆ ಹೊಸ ಟ್ಯೂಬು, ನಿಪ್ಪಲ್ ತಾಗಿ ಟ್ಯೂಬ್ ತೂತಾಗದ ಹಾಗೆ ಕಾಯೋ ಹೊಸ ರಿಮ್ ಟೇಪು. ತೇಪೆ ಹಾಕಿದ ಹಳೇ ಟ್ಯೂಬನ್ನೇ ತುರುಕಿಸಿಕೊಂಡು ಉಳಿಸೋ ದುಡ್ಡು ಏನೇನೂ ಅಲ್ಲ.

ಇನ್ನು ನೀವು ಕೇಳದೇ ಇರೋದು, ಆದ್ರೆ ನನಗೆ ಚಿಂತೆ ಇರೋದು ಮುಂದಿನ ಟೈರ್ ಬಗ್ಗೆ. ಘಾಟಿ ಇಳಿಯುವಾಗ ಬ್ರೇಕ್ ಹಿಡಿದ್ರೆ ಭಾರವೆಲ್ಲ ಮುಂದಕ್ಕೆ ಬರುತ್ತೆ, ಗಾಡಿ ನಿಲ್ಲಿಸೋದು ಹೆಚ್ಚಾಗಿ ಅದೇ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳೋ ಎಬಿಎಸ್ ಇದ್ರೂ ಹಿಡಿತ ಕೊಡೋದು ರಬ್ಬರೇ. ಗೆರೆ ಇನ್ನೂ ಇದೆ ಅಂತ ನಂಬಬೇಡಿ. ಹೆಬ್ಬೆರಳಿನ ಉಗುರಿಂದ ಒತ್ತಿ ನೋಡಿ, ಒಂಚೂರೂ ತಗ್ಗದೆ ಪ್ಲಾಸ್ಟಿಕ್ ಥರ ಇದ್ರೆ, ಗೆರೆಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡ್ರೆ, ಅದರ ಆಯಸ್ಸು ಮುಗೀತು. ದುಡ್ಡು ಸಾಲದಿದ್ರೆ ಹಿಂದಿನದು ಈಗ, ಮುಂದಿನದು ಜೂನ್ ಒಳಗೆ. ಮಳೆಗಾಲಕ್ಕೆ ಮಾತ್ರ ದಾಟಿಸಬೇಡಿ.

ಚಕ್ರ ಬಿಚ್ಚಿದಾಗ ಹಬ್ಬಿನೊಳಗಿನ (ಚಕ್ರದ ನಡುಭಾಗದೊಳಗಿನ) ರಬ್ಬರ್‌ಗಳು, ಬೇರಿಂಗ್ ನೋಡೋಕೆ ಹೇಳಿ. ಟೈರಿನ ಮೇಲಿನ ಬಾಣ ಚಕ್ರ ತಿರುಗೋ ದಿಕ್ಕಿಗಿರಲಿ. ಗಾಳಿ ತುಂಬಿದ ಮೇಲೆ ರಿಮ್ಮಿನ ಪಕ್ಕದ ತೆಳು ಗೆರೆ ಸುತ್ತಲೂ ಒಂದೇ ಸಮ ಕಾಣಬೇಕು. ಒಂದು ಕಡೆ ಒಳಗೆ ಹೋಗಿದ್ರೆ ಸೋಪು ನೀರು ಹಚ್ಚಿಸಿ ಮತ್ತೆ ಕೂರಿಸಲಿ. ಮೊದಲ 150 ಕಿಲೋಮೀಟರ್ ಹೊಸ ರಬ್ಬರಿನ ಮೇಲ್ಮೈ ಜಾರುತ್ತೆ, ಆ ದಿನಗಳಲ್ಲಿ ಘಾಟಿ ಬೇಡ, ಕೊಪ್ಪದ ಕಡೆ ನಿಧಾನಕ್ಕೆ ಓಡಾಡಿ. ಟೈರಿನ ಗಾಳಿ ಎಷ್ಟಿದೆ ಅಂತ ಬೆಳಗ್ಗೆ, ಟೈರ್ ತಣ್ಣಗಿರುವಾಗಲೇ ನೋಡಿ.

ನಿಮ್ಮೂರಲ್ಲಿ 120/80 ಸಿಗದೆ 110/90-18 ಕೊಟ್ರೆ ಗಾಬರಿ ಬೇಡ. ಅದರ ಎತ್ತರ ಆರು ಮಿಲಿಮೀಟರ್ ಮಾತ್ರ ಜಾಸ್ತಿ. ಆದ್ರೂ ಶಿವಮೊಗ್ಗದಿಂದ ನಾಲ್ಕು ದಿನದಲ್ಲಿ ತರಿಸಿಕೊಡ್ತಾರೆ ಅಂದ್ರೆ ಕಾಯೋದೇ ಮೇಲು. ಟೈರಿನ ಪಕ್ಕದ ಫೋಟೊ ತೆಗೆದು ಇಲ್ಲಿ ಹಾಕಿ, ತಾರೀಕು ನೋಡಿ ಹೇಳ್ತೀನಿ.