ಬ್ರಿಟಿಷರು ಒಯ್ಯದಿದ್ದರೆ ಬೆನಿನ್ ಕಂಚಿನ ಫಲಕಗಳು ಉಳಿಯುತ್ತಿದ್ದವೇ? ಈಗ ವಾಪಸ್ ಕೇಳುವುದು ಸರಿಯೇ?

ಖಂಡಿತ ಉಳಿಯುತ್ತಿದ್ದವು. 1897ರಲ್ಲಿ ಬ್ರಿಟಿಷ್ ಸೇನೆ ಬೆನಿನ್ ಅರಮನೆಯಿಂದ ಲೂಟಿ ಮಾಡುವ ಹೊತ್ತಿಗಾಗಲೇ ಅವುಗಳಲ್ಲಿ ಎಷ್ಟೋ ಫಲಕಗಳಿಗೆ ಮುನ್ನೂರು ವರ್ಷ ತುಂಬಿತ್ತು. ಅಷ್ಟು ಕಾಲ ಅವನ್ನು ಜೋಪಾನ ಮಾಡಿದವರು ಅಲ್ಲಿನ ಎದೊ ಜನರೇ.

ಹೆಸರಿನ ಗೊಂದಲವೊಂದಿದೆ, ಮೊದಲು ಅದನ್ನು ಬಿಡಿಸಿಬಿಡುತ್ತೇನೆ. ಇದು ಇವತ್ತು ಬೆನಿನ್ ಎಂದು ಕರೆಸಿಕೊಳ್ಳುವ ದೇಶದ ವಿಷಯವಲ್ಲ. ನೈಜೀರಿಯಾದ ದಕ್ಷಿಣ ಭಾಗದಲ್ಲಿರುವ ಬೆನಿನ್ ನಗರ ಒಂದು ಹಳೆಯ ರಾಜ್ಯದ ರಾಜಧಾನಿ. ಅಲ್ಲಿನ ದೊರೆಗೆ ಓಬಾ ಎನ್ನುತ್ತಾರೆ, ಆ ಪೀಠ ಇಂದಿಗೂ ಇದೆ. ‘ಕಂಚು’ ಎಂಬುದೂ ರೂಢಿಯ ಮಾತಷ್ಟೇ, ಹೆಚ್ಚಿನವು ಹಿತ್ತಾಳೆಯವು.

ಕೆಲಸದ ಮೇಲೆ ಲಂಡನ್‌ನಲ್ಲಿದ್ದಾಗ ಬ್ರಿಟಿಷ್ ಮ್ಯೂಸಿಯಂನ ನೆಲಮಾಳಿಗೆಯಲ್ಲಿರುವ ಆಫ್ರಿಕಾ ವಿಭಾಗಕ್ಕೆ ಮೂರು ನಾಲ್ಕು ಸಲ ಹೋಗಿದ್ದೆ. ಫಲಕಗಳನ್ನು ಅಲ್ಲಿ ಉದ್ದುದ್ದ ಲೋಹದ ಸರಳುಗಳಿಗೆ ಸಾಲಾಗಿ ಸಿಕ್ಕಿಸಿದ್ದಾರೆ. ಮೊದಲ ಸಲ ಕಣ್ಣಿಗೆ ಬಿದ್ದದ್ದು ಯೋಧರು, ತುತ್ತೂರಿ ಊದುವವರು, ಗಡ್ಡ ಬಿಟ್ಟ ಪೋರ್ಚುಗೀಸರು. ಎರಡನೇ ಸಲ ಒಂದು ಫಲಕದ ಮುಂದೆ ಬಹಳ ಹೊತ್ತು ನಿಂತುಬಿಟ್ಟೆ. ಅದರಲ್ಲಿ ಅರಮನೆಯ ಬಾಗಿಲಿದೆ. ಮಾಡಿನ ಮೇಲಿಂದ ಹೆಬ್ಬಾವೊಂದು ತಲೆ ಕೆಳಗಾಗಿ ಇಳಿಯುತ್ತಿದೆ. ಬಾಗಿಲಿನ ಕಂಬಗಳನ್ನು ಹತ್ತಿರದಿಂದ ನೋಡಿದರೆ ಅವುಗಳ ಮೇಲೂ ಪುಟ್ಟ ಪುಟ್ಟ ಮುಖಗಳು. ಎಂದರೆ ಇಂಥ ಫಲಕಗಳನ್ನು ಎಲ್ಲಿ, ಹೇಗೆ ಮೊಳೆ ಹೊಡೆದು ಕೂರಿಸಿದ್ದರು ಎಂಬುದನ್ನು ಆ ಫಲಕವೇ ತೋರಿಸುತ್ತಿತ್ತು. ಆಮೇಲೆ ಉಳಿದವುಗಳ ಅಂಚುಗಳನ್ನು ನೋಡುತ್ತಾ ಹೋದೆ. ಮೂಲೆಗಳಲ್ಲಿ ಮೊಳೆಯ ತೂತುಗಳಿವೆ, ಕೆಲವು ಕಡೆ ಕಿತ್ತು ಹರಿದ ಹಾಗಿವೆ.

1897ರಲ್ಲಿ ಅವು ಕಂಬಗಳ ಮೇಲೆ ಇರಲಿಲ್ಲ, ಕಳಚಿ ಅರಮನೆಯೊಳಗೆ ಒಟ್ಟಿಟ್ಟಿದ್ದರು ಎಂಬುದು ನಿಜ. ‘ಅವರಿಗೇ ಬೇಡವಾಗಿತ್ತು’ ಎನ್ನುವವರು ಇದನ್ನೇ ಹಿಡಿದುಕೊಳ್ಳುತ್ತಾರೆ. ನಮ್ಮ ಮಠಗಳಲ್ಲೂ ಹಳೇ ಮನೆಗಳ ಅಟ್ಟದಲ್ಲೂ ತಾಳೆಗರಿಯ ಕಟ್ಟುಗಳು ಹಾಗೇ ಇರುತ್ತವಲ್ಲ, ಅವು ಬೇಡವಾದವುಗಳೇ?

ಆ ವರ್ಷ ನಡೆದದ್ದು ಇದು. ಎಣ್ಣೆತಾಳೆಯ ವ್ಯಾಪಾರ ಓಬಾ ಓವೊನ್‌ರಾಮ್ವೆನ್‌ನ ಹಿಡಿತದಲ್ಲಿತ್ತು, ಬ್ರಿಟಿಷ್ ವರ್ತಕರಿಗೆ ಅದು ಕಣ್ಣುರಿ. ಜನವರಿಯಲ್ಲಿ ಜೇಮ್ಸ್ ಫಿಲಿಪ್ಸ್ ಎಂಬ ಅಧಿಕಾರಿ, ಇಗ್ವೆ ಹಬ್ಬದ ಸಮಯ, ಈಗ ಬರಬೇಡಿ ಎಂದು ಓಬಾ ಹೇಳಿಕಳಿಸಿದರೂ ಬೆನಿನ್ ನಗರಕ್ಕೆ ಹೊರಟ. ದಾರಿಯಲ್ಲಿ ಅವನ ತಂಡದ ಮೇಲೆ ದಾಳಿಯಾಗಿ ಇಬ್ಬರು ಬ್ರಿಟಿಷರು ಮಾತ್ರ ಬದುಕಿದರು, ಹೊರೆ ಹೊತ್ತ ಎಷ್ಟೋ ಆಫ್ರಿಕನ್ನರೂ ಸತ್ತರು. ಫೆಬ್ರವರಿಯಲ್ಲಿ ರಾಸನ್ ಎಂಬ ನೌಕಾಧಿಕಾರಿಯ ಕೈಕೆಳಗೆ ಸುಮಾರು 1,200 ಜನರ ಸೇನೆ ನುಗ್ಗಿ 18ರಂದು ನಗರವನ್ನು ಹಿಡಿಯಿತು. ಇದನ್ನು ಸೇಡಿನ ದಂಡಯಾತ್ರೆ ಎಂದು ಕರೆದುಕೊಂಡರು. ಆದರೆ ಅದೇ ಫಿಲಿಪ್ಸ್, ತಾನು ಸಾಯುವ ಮೊದಲೇ, 1896ರ ನವೆಂಬರ್‌ನಲ್ಲಿ ಓಬಾನನ್ನು ಕೆಳಗಿಳಿಸಲು ಸರ್ಕಾರದ ಅನುಮತಿ ಕೇಳಿ ಪತ್ರ ಬರೆದಿದ್ದ. ಖರ್ಚಿಗೆ ಸಾಕಾಗುವಷ್ಟು ದಂತ ದೊರೆಯ ಮನೆಯಲ್ಲೇ ಸಿಗುತ್ತದೆಂಬ ಭರವಸೆಯನ್ನೂ ಅದರಲ್ಲಿ ಕೊಟ್ಟಿದ್ದ. ಲೂಟಿಯ ಲೆಕ್ಕ ಸೇಡಿಗಿಂತ ಮೊದಲೇ ಶುರುವಾಗಿತ್ತು.

ಇನ್ನು ‘ಉಳಿಸಿದರು’ ಎನ್ನುವ ಮಾತು. ಅರಮನೆ ಸುಟ್ಟುಹೋದದ್ದು ಆ ಸೇನೆ ಊರಿನಲ್ಲಿ ಬೀಡುಬಿಟ್ಟಿದ್ದಾಗಲೇ, ಫೆಬ್ರವರಿ 21ರಂದು. ಯಾವ ವಸ್ತು ಯಾವ ಕೋಣೆಯಲ್ಲಿತ್ತು, ಯಾವುದರ ಪಕ್ಕ ಯಾವುದಿತ್ತು ಎಂದು ಯಾರೂ ಬರೆದಿಡಲಿಲ್ಲ. ನೂರಾರು ವರ್ಷದ ಕಡತವೊಂದರ ಹಾಳೆಗಳನ್ನು ಬಿಚ್ಚಿ ಹರಾಜು ಹಾಕಿದಂತಾಯಿತು. ನನಗೆ ಎಲ್ಲಕ್ಕಿಂತ ದೊಡ್ಡ ನಷ್ಟವೆನಿಸುವುದು ಇದೇ, ಏಕೆಂದರೆ ಇದನ್ನು ಯಾವ ಮ್ಯೂಸಿಯಂ ಈಗ ಮನಸ್ಸು ಮಾಡಿದರೂ ಹಿಂತಿರುಗಿಸಲಾಗದು. ಓಬಾನನ್ನು ಆಗ್ನೇಯ ನೈಜೀರಿಯಾದ ಕಲಬಾರ್‌ಗೆ ಗಡಿಪಾರು ಮಾಡಿದರು. 1914ರಲ್ಲಿ ಅವನು ಅಲ್ಲೇ ತೀರಿಕೊಂಡ.

ಎದೊ ಜನರ ಕಣ್ಣಿನಲ್ಲಿ ಇವು ಪ್ರದರ್ಶನದ ವಸ್ತುಗಳಾಗಿರಲೇ ಇಲ್ಲ. ಹೊಸ ಓಬಾ ಪಟ್ಟಕ್ಕೆ ಬಂದರೆ ತೀರಿಹೋದ ತಂದೆಗೆ ವೇದಿಕೆ ಕಟ್ಟಿಸಿ ಲೋಹದ ತಲೆಗಳನ್ನು ಎರಕ ಹೊಯ್ಯಿಸಿ ಇಡಬೇಕು. ಅವುಗಳ ನೆತ್ತಿಯ ತೂತಿನಲ್ಲಿ ಕೆತ್ತನೆಯ ಆನೆದಂತ ನಿಲ್ಲುತ್ತಿತ್ತು. ಹಿರಿಯರಿಗೆ ಎಡೆ ಇಡುವ ಮನೆಯಲ್ಲಿ ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎದೊ ಭಾಷೆಯಲ್ಲಂತೂ ‘ನೆನಪಿಡು’ ಎನ್ನುವ ಮಾತಿಗೂ ಲೋಹದಲ್ಲಿ ಎರಕ ಹೊಯ್ಯುವುದಕ್ಕೂ ನಂಟಿದೆ.

ಹೊಯ್ಯುವ ಕ್ರಮ ನಮಗೂ ಗೊತ್ತಿರುವುದೇ. ಮಣ್ಣಿನ ಗಟ್ಟಿಯ ಮೇಲೆ ಮೇಣದಲ್ಲಿ ರೂಪ ತಿದ್ದಿ, ಮೇಲೆ ಮತ್ತೆ ಮಣ್ಣು ಮೆತ್ತಿ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ, ಆ ಟೊಳ್ಳಿಗೆ ಲೋಹ ಸುರಿಯುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ‘ಮಾನಸೋಲ್ಲಾಸ’ದಲ್ಲಿ ವಿವರಿಸಿರುವುದೂ ಇದೇ ವಿಧಾನವನ್ನು. ಎರಡು ನಾಡುಗಳು ಒಂದನ್ನೊಂದು ನೋಡಿ ಕಲಿತವು ಎಂದು ನಾನು ಹೇಳುತ್ತಿಲ್ಲ. ಆ ಕೆಲಸಕ್ಕೆ ಎಂಥ ಪಳಗಿದ ಕೈ ಬೇಕು ಎಂಬುದು ನಮಗೆ ಅರ್ಥವಾಗುತ್ತದೆ, ಅಷ್ಟೇ.

ಒಂದು ಕಹಿ ಸಂಗತಿಯನ್ನು ಮುಚ್ಚಿಡಬಾರದು. ಆ ಹಿತ್ತಾಳೆಯ ದೊಡ್ಡ ಪಾಲು ಪೋರ್ಚುಗೀಸರು ಹಡಗಿನಲ್ಲಿ ತಂದ ಕಡಗಗಳನ್ನು ಕರಗಿಸಿ ಬಂದದ್ದು. ಕಾಳುಮೆಣಸು, ದಂತಗಳ ಜೊತೆ ಮನುಷ್ಯರನ್ನೂ ಬೆನಿನ್ ರಾಜ್ಯದವರು ಆ ಕಡಗಗಳಿಗೆ ಮಾರಿದ್ದಾರೆ. ಹಾಗೆ ಮಾರಾಟವಾದವರ ಅಮೆರಿಕದ ವಂಶಸ್ಥರಲ್ಲಿ ಕೆಲವರು, ಇದರಲ್ಲಿ ನಮ್ಮ ಪಾಲೂ ಇದೆ, ಎಲ್ಲವನ್ನೂ ಓಬಾನಿಗೇ ಒಪ್ಪಿಸಬೇಡಿ ಎನ್ನುತ್ತಿದ್ದಾರೆ. ಅವರ ನೋವಿಗೆ ಉತ್ತರ ಸಿಗಲೇಬೇಕು. ಆದರೆ ಆ ಮಾತು ಆಫ್ರಿಕಾದವರೂ ಅವರ ವಂಶಸ್ಥರೂ ಕೂತು ಬಗೆಹರಿಸಿಕೊಳ್ಳಬೇಕಾದದ್ದು, ಲಂಡನ್ ಅದನ್ನು ನೆಪ ಮಾಡಿಕೊಳ್ಳಲು ಬರುವುದಿಲ್ಲ.

ನೈಜೀರಿಯಾಕ್ಕೆ ವಾಪಸ್ ಕೊಡುವುದು ಈಗಾಗಲೇ ನಡೆಯುತ್ತಿದೆ. 2021ರಲ್ಲಿ ಕೇಂಬ್ರಿಜ್‌ನ ಜೀಸಸ್ ಕಾಲೇಜು ಒಂದು ಹುಂಜದ ಶಿಲ್ಪವನ್ನು ಕೊಟ್ಟಿತು. 2022ರಲ್ಲಿ ಜರ್ಮನಿ ಸಾವಿರಕ್ಕೂ ಹೆಚ್ಚು ವಸ್ತುಗಳ ಒಡೆತನ ಬಿಟ್ಟುಕೊಡಲು ಒಪ್ಪಿತು, 2025ರಲ್ಲಿ ನೆದರ್ಲೆಂಡ್ಸ್ 119ನ್ನು ಒಪ್ಪಿಸಿತು. 900ಕ್ಕೂ ಹೆಚ್ಚು ವಸ್ತು ಇಟ್ಟುಕೊಂಡಿರುವ ಬ್ರಿಟಿಷ್ ಮ್ಯೂಸಿಯಂ ಮಾತ್ರ 1963ರ ಕಾಯ್ದೆ ಬಿಡುವುದಿಲ್ಲ ಎನ್ನುತ್ತದೆ. 1950ರಿಂದ 1972ರ ನಡುವೆ ಇದೇ ಮ್ಯೂಸಿಯಂ ‘ಒಂದೇ ಥರದವು ಎರಡೆರಡಿವೆ’ ಎಂದು ಹಲವು ಫಲಕಗಳನ್ನು ಮಾರಿದೆ. ಕೊಂಡವರಲ್ಲಿ ನೈಜೀರಿಯಾವೂ ಒಂದು. ತಮ್ಮ ಮನೆಯ ವಸ್ತುವನ್ನು ಅವರು ದುಡ್ಡು ಕೊಟ್ಟು ಬಿಡಿಸಿಕೊಂಡರು. ಟಿಪ್ಪುವಿನ ಹುಲಿ ಶ್ರೀರಂಗಪಟ್ಟಣದಿಂದ 1799ರಲ್ಲಿ ಹೋಗಿ ಈಗಲೂ ಲಂಡನ್ನಿನದೇ ವಿ ಅಂಡ್ ಎ (ವಿಕ್ಟೋರಿಯಾ ಅಂಡ್ ಆಲ್ಬರ್ಟ್) ಮ್ಯೂಸಿಯಂನಲ್ಲಿ ಕೂತಿರುವುದನ್ನು ಕಂಡವನಾಗಿ, ಇದನ್ನು ಓದಿದ ದಿನ ನನಗೆ ನಿಜಕ್ಕೂ ಹೊಟ್ಟೆ ಉರಿದಿತ್ತು.

ಬೆನಿನ್ ನಗರದ ಇಗೂನ್ ಬೀದಿಯಲ್ಲಿ ಎರಕದವರ ಮನೆತನಗಳು ಇವತ್ತಿಗೂ ಅದೇ ಮೇಣ, ಅದೇ ಮಣ್ಣಿನಲ್ಲಿ ಕೆಲಸ ಮಾಡುತ್ತಿವೆ. ತಮ್ಮ ಮುತ್ತಜ್ಜಂದಿರು ಹೊಯ್ದದ್ದರಲ್ಲಿ ಎಷ್ಟೋ ವಸ್ತುಗಳನ್ನು ನೋಡಬೇಕೆಂದರೆ ಆ ಮನೆಗಳ ಹುಡುಗರು ವೀಸಾಕ್ಕೆ ಅರ್ಜಿ ಹಾಕಬೇಕು.