ನನ್ನದು ಎಣ್ಣೆಗೆಂಪು ಬಣ್ಣ. ಕೆನ್ನೆಗೆ ಬ್ಲಶ್ ಹಚ್ಚಿದರೆ ಬೂದಿ ಬಳಿದಂತೆ ಕಾಣುತ್ತೆ. ಯಾವ ಬ್ರ್ಯಾಂಡಿನ ತಿಳಿ ಪಿಂಕ್ ಕೊಳ್ಳಲಿ?

ತಿಳಿ ಪಿಂಕ್ ಆಸೆಯನ್ನೇ ಬಿಟ್ಟುಬಿಡಿ. ನನ್ನದೂ ಎಣ್ಣೆಗೆಂಪೇ, ಬೇಬಿ ಪಿಂಕ್ ಹಿಂದೆ ಬಿದ್ದಿದ್ದವಳೇ ನಾನೂ. ಬ್ರ್ಯಾಂಡ್ ಬದಲಿಸಿದರೆ ಸರಿಹೋಗುವ ತೊಂದರೆ ಇದಲ್ಲ.

ಪಿಂಕನ್ನು ತಿಳಿ ಮಾಡೋದು ಬಿಳಿ. ಬ್ಲಶ್‌ನಲ್ಲಿ ಆ ಬಿಳಿ ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್. ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲೂ ಇರೋದು ಅದೇ. ಬೆಳ್ಳಗಿನ ಚರ್ಮದ ಮೇಲೆ ಈ ಬಿಳಿ ಗೊತ್ತಾಗಲ್ಲ, ಪಿಂಕ್ ಮಾತ್ರ ಕಾಣುತ್ತೆ. ನಮ್ಮ ಬಣ್ಣದ ಮೇಲೆ ಉಲ್ಟಾ: ಪಿಂಕ್ ಅಡಗಿ, ಬಿಳಿ ಮೇಲೆದ್ದು ಬೂದಿಯಾಗುತ್ತೆ. ಕೆಂಪೇ ಕಾಣ್ತಿಲ್ಲವಲ್ಲ ಅಂತ ಇನ್ನೊಂದು ಪದರ ಹಚ್ಚೋದು ಎಲ್ಲರೂ ಮಾಡುವ ಕೆಲಸ. ಪ್ರತಿ ಪದರದ ಜೊತೆ ಬಿಳಿಯೂ ಏರುತ್ತೆ, ಬೂದಿ ದಟ್ಟವಾಗುತ್ತೆ. ಅದನ್ನು ಮುಚ್ಚೋಕೆ ಮೇಲೆ ಕಾಂಪ್ಯಾಕ್ಟ್ ಪೌಡರ್ ಒತ್ತಿದಿರೋ, ಮುಗೀತು ಕಥೆ.

ನೀವು ಕೊಳ್ಳಬೇಕಾದ್ದು ಡಬ್ಬಿಯಲ್ಲಿ ನೋಡಿದರೆ ಭಯವಾಗುವಂಥ ಬಣ್ಣ: ಇಟ್ಟಿಗೆ ಕೆಂಪು, ಗಾಢ ಕೋರಲ್, ಬೆರ್ರಿ, ಪ್ಲಮ್. ಪಿಂಕೇ ಬೇಕು ಅಂದರೆ ರಾಣಿ ಪಿಂಕ್. ಅಂಗಡಿಯಲ್ಲಿ ಕೈಮೇಲೆ ದಪ್ಪಗೆ ಗೆರೆ ಎಳೆದು ನೋಡಬೇಡಿ, ಆಗ ಕಾಣೋದು ಡಬ್ಬಿಯ ಬಣ್ಣ. ಪೂರ್ತಿ ತೆಳುವಾಗಿ ಸವರಿ, ಟ್ಯೂಬ್‌ಲೈಟ್ ಬಿಟ್ಟು ಬಾಗಿಲ ಬಳಿ ಬೆಳಕಿಗೆ ಬನ್ನಿ. ಬಿಳಿ ಮಬ್ಬು ಉಳಿದಿದ್ದರೆ ಆ ಶೇಡ್ ಬೇಡ.

ಗಾಢ ಬಣ್ಣ ಅಂದಮೇಲೆ ಕೈ ಹಗುರ ಇರಬೇಕು. ಬ್ರಶ್‌ನ ತುದಿ ಮಾತ್ರ ತಾಗಿಸಿ, ಝಾಡಿಸಿ, ಮೊದಲು ಮುಂಗೈಗೆ ಒಂದು ಸಲ ಒತ್ತಿ, ಆಮೇಲೆ ಕೆನ್ನೆಗೆ. ನಕ್ಕು, ಉಬ್ಬಿದ ಜಾಗಕ್ಕೆ ಹಚ್ಚಿ ಅಂತಾರಲ್ಲ, ಅದನ್ನು ಮರೆತುಬಿಡಿ. ನಗು ನಿಂತ ಕೂಡಲೇ ಬಣ್ಣ ಕೆಳಗಿಳಿದು ಮುಖ ಜೋತಂತೆ ಕಾಣುತ್ತೆ. ಮುಖ ಸಡಿಲ ಬಿಟ್ಟು, ಮೂಗಿನಿಂದ ಎರಡು ಬೆರಳು ಜಾಗ ಬಿಟ್ಟು, ಕಿವಿಯ ಮೇಲ್ತುದಿಯ ಕಡೆಗೆ ಎಳೆಯಿರಿ. ಮೂಗಿನ ತುದಿಗಿಂತ ಕೆಳಗೆ ಬೇಡವೇ ಬೇಡ.

ಕ್ರೀಮ್ ಬ್ಲಶ್ ಆದರೆ ಪೌಡರ್‌ಗಿಂತ ಮೊದಲು. ಪೌಡರ್ ಮೇಲೆ ಕ್ರೀಮ್ ತಿಕ್ಕಿದರೆ ಕೆಳಗಿನ ಪೌಡರ್ ಎದ್ದು ಬಂದು ತೇಪೆ ಹಾಕಿದಂತಾಗುತ್ತೆ. ಜಾಸ್ತಿಯಾಯ್ತಾ? ಒರೆಸಬೇಡಿ, ಫೌಂಡೇಶನ್ ಹಚ್ಚಿದ ಸ್ಪಂಜನ್ನೇ, ತೊಳೆಯದೆ, ಅದರ ಮೇಲೆ ಒತ್ತಿ.

ದುಡ್ಡು ಹಾಕುವ ಮುಂಚೆ ಮನೆಯಲ್ಲಿರುವ ಮರೂನ್ ಲಿಪ್‌ಸ್ಟಿಕ್ಕನ್ನು ಬೆರಳಿಗೆ ತಾಗಿಸಿ ಕೆನ್ನೆಗೆ ತಟ್ಟಿ ನೋಡಿ, ಗಾಢ ಬಣ್ಣದ ಭಯ ಹೋಗುತ್ತೆ. ಕಡ್ಡಿಯಂತಿರುವ ಕ್ರೀಮಿ ಲಿಪ್‌ಸ್ಟಿಕ್ ಆಗಬೇಕು. ಲಿಕ್ವಿಡ್ ಮ್ಯಾಟ್ ಹರಡುವ ಮೊದಲೇ ಒಣಗಿ ಅಂಚು ಬಿಡುತ್ತೆ. ಮಂಗಳೂರು ಕಡೆಯ ಸೆಖೆಯಲ್ಲಿ ಮದುವೆಗೆ ಹೋಗ್ತೀರಾದರೆ ಕ್ರೀಮ್ ಮೇಲೆ ಅದೇ ಬಣ್ಣದ ಪೌಡರ್ ಬ್ಲಶ್ ತೆಳ್ಳಗೆ ಹಾಕ್ಕೊಳ್ಳಿ. ಬೆವರಿದರೆ ಟಿಶ್ಯೂ ಒತ್ತಿ ತೆಗೀರಿ, ಉಜ್ಜಬೇಡಿ.